ಜಮೀನಿನ ಅಳತೆಯಲ್ಲಿ ರೇಡಿಯೋ ತರಂಗಗಳ ಉಪಯೋಗ

ರೈತನಿಗೆ ಭೂಮಿಯೇ ಮೂಲಧನ. ಬೀಜ, ಗೊಬ್ಬರ, ನೀರು, ದನಕರು ಇವು ಯಾವುವೂ ನೆಲವಿಲ್ಲದೆ ಪ್ರಯೋಜನಕ್ಕೆ ಬಾರವು. ಆ ನೆಲದ ಮೇರೆಯು ಎಲ್ಲಿಂದ ಎಲ್ಲಿಯವರೆಗೆ ಇರುವುದೆಂಬುದು ನಿಶ್ಚಯವಾಗದಿದ್ದರೆ, ಬೇಸಾಯದಲ್ಲಿ ಎಷ್ಟು ಶ್ರಮಪಟ್ಟರೂ ಮನಸ್ಸಿಗೆ ನೆಮ್ಮದಿಯಿರುವುದಿಲ್ಲ. ಅಕ್ಕಪಕ್ಕದ ಹೊಲದವರಲ್ಲಿಯೂ ಅಣ್ಣತಮ್ಮಂದಿರಲ್ಲಿಯೂ ಹುಟ್ಟುವ ವ್ಯಾಜ್ಯಗಳಲ್ಲಿ ಎಷ್ಟೋ ವ್ಯಾಜ್ಯಗಳ ಮೂಲವು ಒಂದು ಮೊಳ ಅಗಲದ ಬದುವಿನಲ್ಲಿರುತ್ತದೆ. ಒಂದು ಅಡಿ ಎಂಬುದು ಅಲ್ಪವೆಂದು ತೋರಬಹುದು. ಆದರೆ 33 ಅಡಿಯ ಸರಪಳಿಯಲ್ಲಿ ಇಪ್ಪತ್ತು ಸರಪಳಿ, ಎಂದರೆ 660 ಅಡಿ ಉದ್ದದ ಬದುವು ಒಂದೇ ಒಂದು ಅಡಿ ಸರಿದರೆ 660 ಚದರಡಿ ನೆಲವು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುವುದು. ಒಂದು ಗುಂಟೆಗೆ 1,089 ಚದರಡಿಯಾದುದರಿಂದ ಇದು ಅರ್ಧ ಗುಂಟೆಗೂ ಹೆಚ್ಚಾಯಿತು. ಈ ಕಾರಣದಿಂದಲೇ ಅಳತೆಯ ಸಾಧನಗಳು ಹೇಗೆ ಕೆಲಸಮಾಡುವುವೆಂಬುದನ್ನು ಭೂಮಾಪಕರು ಮಾತ್ರವಲ್ಲದೆ ರೈತರೂ ತಕ್ಕಮಟ್ಟಿಗೆ ತಿಳಿದಿರುವುದು ಅವಶ್ಯಕ.

ಈಚಿನ ದಶಕಗಳಲ್ಲಿ ಅಳತೆಯ ಕೆಲಸಕ್ಕೆ ರೇಡಿಯೋ ತರಂಗಗಳು ಬಹುವಾಗಿ ಒದಗಿ ಬಂದಿವೆ. ಮುಕ್ಕಾಲಿಯ ಮೇಲೆ ನಿಂತ ಯಂತ್ರವು ಯಾರೂ ಮುಟ್ಟದೆಯೇ ತಾನಾಗಿ ತಿರುಗಿ, ಹೊಲದ ಇನ್ನೊಂದು ಮೂಲೆಯಲ್ಲಿ ಕೋಲು ಹಿಡಿದು ನಿಂತವನನ್ನು ಹುಡುಕಿ ಅಳೆಯುವುದನ್ನು ನೋಡಿದ ಗ್ರಾಮಸ್ಥರು ಆಶ್ಚರ್ಯಪಡುವುದುಂಟು. ಕೆಲವರು ಸಂಶಯಪಡುವುದೂ ಉಂಟು. ಇದರಲ್ಲಿ ಮಾಯವೇನೂ ಇಲ್ಲ. ಇದರ ರೀತಿಯನ್ನು ಕ್ರಮವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ.

ಗುರಿಯನ್ನು ಕಾಣುವ ಕಷ್ಟ

ಭೂಮಾಪನದಲ್ಲಿ ಎರಡು ಕೆಲಸಗಳು ಮುಖ್ಯವಾದುವು. ಒಂದು, ಗುರಿಯಿರುವ ದಿಕ್ಕನ್ನು ಕೋನದಿಂದ ಅಳೆಯುವುದು. ಇನ್ನೊಂದು, ಗುರಿಗಿರುವ ದೂರವನ್ನು ಅಳೆಯುವುದು. ಇವೆರಡಕ್ಕೂ ಮೊದಲು ಗುರಿಯು ಯಂತ್ರಕ್ಕೆ ಕಾಣಬೇಕು. ಕಾಣದ ವಸ್ತುವನ್ನು ಅಳೆಯಲಾಗದು.

ಈ ಕಷ್ಟವು ಬಹಳ ಹಿಂದಿನದು. ವಿಲಿಯಂ ಲ್ಯಾಂಬ್ಟನ್ನನು 1800 ರಲ್ಲಿ ಬೆಂಗಳೂರಿನ ಹತ್ತಿರ ಒಂದು ಆಧಾರರೇಖೆಯನ್ನು ಅಳೆದನು. ಅನಂತರ 1802 ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಸುಮಾರು ಏಳೂವರೆ ಮೈಲಿ ಉದ್ದದ ಆಧಾರರೇಖೆಯನ್ನು ಸರಪಳಿಯಿಂದ ಅಳೆದು, ಮುಂದೆ ಮಹಾ ತ್ರಿಕೋನಮಿತೀಯ ಮೋಜಣಿ ಎಂದು ಹೆಸರಾದ ಕಾರ್ಯಕ್ಕೆ ತಳಹದಿ ಹಾಕಿದನು. ಆತನ ದೊಡ್ಡ ಥಿಯೋಡೊಲೈಟ್ ಯಂತ್ರವು ಸುಮಾರು ಅರ್ಧ ಟನ್ನು ತೂಗುತ್ತಿತ್ತು. ಅಂಥ ಯಂತ್ರವನ್ನು ಬೆಟ್ಟದ ತುದಿಗೆ ಹೊತ್ತು ಸಾಗಿಸಿದ ಮೇಲೆಯೂ, ದೂರದ ಇನ್ನೊಂದು ಬೆಟ್ಟದ ಮೇಲಿನ ಗುರುತು ಮಂಜಿನಲ್ಲಿಯೋ ಧೂಳಿನಲ್ಲಿಯೋ ಮರೆಯಾದರೆ ದಿನಗಟ್ಟಲೆ ಕಾದು ಕುಳಿತುಕೊಳ್ಳಬೇಕಾಗಿತ್ತು. ಅವನ ತರುವಾಯ ಈ ಕಾರ್ಯವನ್ನು ವಹಿಸಿಕೊಂಡ ಜಾರ್ಜ್ ಎವರೆಸ್ಟನು ಹಗಲಿನಲ್ಲಿ ಸೂರ್ಯನ ಬೆಳಕನ್ನು ಕನ್ನಡಿಯಿಂದ ಪ್ರತಿಫಲಿಸುವ ಹೀಲಿಯೋಟ್ರೋಪ್ ಎಂಬ ಸಾಧನವನ್ನೂ, ರಾತ್ರಿಯಲ್ಲಿ ದೀಪಗಳನ್ನೂ ಗುರಿಯಾಗಿ ಉಪಯೋಗಿಸಿದನು. ಗುರಿಯ ಬಳಿ ಇರುವ ಮನುಷ್ಯನು ಕನ್ನಡಿಯನ್ನು ಯಂತ್ರದ ಕಡೆಗೆ ಸರಿಯಾಗಿ ತಿರುಗಿಸಿ ಹಿಡಿದರೆ ಮಾತ್ರ ಈ ಉಪಾಯವು ಫಲಿಸುತ್ತಿತ್ತು. ಅಂದರೆ ಗುರಿಯು ತಾನಾಗಿಯೇ ಯಂತ್ರಕ್ಕೆ ‘ನಾನು ಇಲ್ಲಿದ್ದೇನೆ’ ಎಂದು ತಿಳಿಸುವ ಏರ್ಪಾಡು ಆಗಲೇ ಹುಟ್ಟಿತ್ತು. ಮುಂದೆ ಬಂದ ರೇಡಿಯೋ ವಿಧಾನಗಳು ಇದೇ ವಿಚಾರದ ಬೆಳವಣಿಗೆಗಳು.

ನಮ್ಮ ಹೊಲಗದ್ದೆಗಳ ಮೋಜಣಿಯಲ್ಲಿ ಇಷ್ಟು ದೂರದ ಗುರಿಗಳಿಲ್ಲ. ಹದಿನಾರು ಆಣೆಗಳಾಗಿ ವಿಭಾಗಿಸಿದ 33 ಅಡಿಯ ಸರಪಳಿ ಮತ್ತು ಲಂಬರೇಖೆಯನ್ನು ನೋಡುವ ಕ್ರಾಸ್ ಸ್ಟಾಫ್ ಇವುಗಳಿಂದಲೇ ಎಷ್ಟೋ ಗ್ರಾಮಗಳ ಟಿಪ್ಪಣಿಗಳು ತಯಾರಾದುವು. ಆದರೂ ಕಷ್ಟವು ಅದೇ. ಎತ್ತರದ ಜೋಳದ ಬೆಳೆ, ಕಬ್ಬಿನ ಗದ್ದೆ, ಕಳ್ಳಿಯ ಬೇಲಿ, ಅಡಿಕೆಯ ತೋಟ ಇವುಗಳ ನಡುವೆ ಬಾಂದು ಕಲ್ಲಿನಿಂದ ಬಾಂದು ಕಲ್ಲಿಗೆ ದೃಷ್ಟಿ ಹಾಯುವುದಿಲ್ಲ. ಒಬ್ಬನು ಯಂತ್ರದ ಬಳಿ, ಒಬ್ಬನು ಕೋಲಿನ ಬಳಿ ನಿಂತು ಕೂಗಿ ಹೇಳಿದ ಮಾತು ಗಾಳಿಗೆ ಹಾರಿಹೋಗುತ್ತದೆ. ‘ಎಡಕ್ಕೆ’ ಎಂದರೆ ಬಲಕ್ಕೆ ಸರಿಯುವುದು ಎಲ್ಲರೂ ಕಂಡ ಸಂಗತಿಯೇ.

ರೇಡಿಯೋ ತರಂಗಗಳಿಂದ ದೂರವನ್ನು ಅಳೆಯುವುದು

ರೇಡಿಯೋ ತರಂಗಗಳು ಬೆಳಕಿನ ಜಾತಿಗೆ ಸೇರಿದುವು. ಬೆಳಕಿನ ವೇಗದಲ್ಲಿಯೇ, ಎಂದರೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರಿನಂತೆ ಚಲಿಸುತ್ತವೆ. ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ, ಅಂಥ ಒಂದು ಪಾಲಿನಲ್ಲಿ ಅವು 300 ಮೀಟರು ಹೋಗುತ್ತವೆ. ಹೊರಟ ತರಂಗವು ಗುರಿಯನ್ನು ಮುಟ್ಟಿ ಮರಳಿ ಬರಲು ಹಿಡಿದ ಕಾಲವನ್ನು ಅಳೆಯಬಲ್ಲವರಾದರೆ ದೂರವನ್ನು ಲೆಕ್ಕಹಾಕುವುದು ಸುಲಭ.

ದಕ್ಷಿಣ ಆಫ್ರಿಕದ ಟ್ರೆವರ್ ವಾಡ್ಲಿ ಎಂಬ ಯಂತ್ರಶಾಸ್ತ್ರಜ್ಞನು ಈ ತತ್ತ್ವವನ್ನು ಅನುಸರಿಸಿ ಟೆಲ್ಯುರೋಮೀಟರ್ ಎಂಬ ಉಪಕರಣವನ್ನು ನಿರ್ಮಿಸಿದನು. ಅದು 1957 ರಲ್ಲಿ ಪ್ರಸಿದ್ಧಿಗೆ ಬಂದಿತು. ಅಳೆಯಬೇಕಾದ ರೇಖೆಯ ಎರಡು ತುದಿಗಳಲ್ಲಿಯೂ ಒಂದೊಂದು ಪೆಟ್ಟಿಗೆಯನ್ನು ಇಡಲಾಗುತ್ತಿತ್ತು. ಒಂದು ಪೆಟ್ಟಿಗೆಯು ಸೂಕ್ಷ್ಮ ರೇಡಿಯೋ ತರಂಗಗಳನ್ನು ಕಳುಹಿಸುವುದು. ಇನ್ನೊಂದು ಅವನ್ನು ಗ್ರಹಿಸಿ ಹಿಂದಕ್ಕೆ ಕಳುಹಿಸುವುದು. ಹೋದ ಅಲೆಗೂ ಬಂದ ಅಲೆಗೂ ಇರುವ ವ್ಯತ್ಯಾಸದಿಂದ ದೂರವು ಗೊತ್ತಾಗುತ್ತಿತ್ತು. ಮಂಜು, ಮಬ್ಬು, ಕತ್ತಲೆ ಯಾವುದೂ ಇದಕ್ಕೆ ಅಡ್ಡಿಯಾಗಲಿಲ್ಲ. ನಡುವೆ ಗುಡ್ಡ ಅಡ್ಡವಿರಬಾರದು ನಿಜ. ಆದರೆ ಗುರಿಯು ಕಣ್ಣಿಗೆ ಕಾಣಲೇಬೇಕೆಂಬ ನಿರ್ಬಂಧವು ತಪ್ಪಿತು. ಎರಡು ತುದಿಗಳಲ್ಲಿರುವವರು ಅದೇ ಉಪಕರಣದ ಮೂಲಕ ಪರಸ್ಪರ ಮಾತನಾಡಲು ಸಾಧ್ಯವಾದುದು ಇನ್ನೊಂದು ದೊಡ್ಡ ಅನುಕೂಲ.

ಈ ವಿಧಾನಕ್ಕೂ ಮಿತಿಗಳಿದ್ದುವು. ಗಾಳಿಯ ತೇವಾಂಶವು ಈ ತರಂಗಗಳ ವೇಗವನ್ನು ಕೊಂಚ ಬದಲಿಸುವುದರಿಂದ ಉಷ್ಣತೆ, ತೇವಾಂಶ, ವಾಯುಭಾರ ಇವುಗಳನ್ನು ಅಳೆದು ತಿದ್ದುಪಡಿ ಮಾಡಬೇಕಾಗಿತ್ತು. ನೆಲಕ್ಕೂ ನೀರಿಗೂ ತಗುಲಿ ಪ್ರತಿಫಲಿಸಿದ ತರಂಗಗಳು ನೇರವಾಗಿ ಬಂದುವುಗಳೊಡನೆ ಬೆರೆತು ಫಲಿತಾಂಶವನ್ನು ಕೆಡಿಸುತ್ತಿದ್ದುವು. ಹತ್ತಾರು ಮೈಲಿಗಳ ರೇಖೆಗೆ ಇದು ಉತ್ತಮ ಸಾಧನವೇ ಹೊರತು ಒಂದೆರಡು ಎಕರೆಯ ಹಿಡುವಳಿಗೆ ಹೇಳಿಮಾಡಿಸಿದುದಲ್ಲ.

ತಾನೇ ತಿರುಗುವ ಯಂತ್ರ

ಹೊಲದ ಅಳತೆಗೆ ಅನುಕೂಲವಾದ ಯಂತ್ರವೆಂದರೆ ಟೋಟಲ್ ಸ್ಟೇಷನ್. ಇದರಲ್ಲಿ ಕೋನವನ್ನು ಅಳೆಯುವ ಭಾಗವೂ, ಬೆಳಕಿನಿಂದ ದೂರವನ್ನು ಅಳೆಯುವ ಭಾಗವೂ ಒಂದೇ ಕಡೆ ಕೂಡಿಕೊಂಡಿವೆ. ಯಂತ್ರದಿಂದ ಹೊರಟ ಕಿರಣವು ಕೋಲಿನ ಮೇಲಿರುವ ಗಾಜಿನ ಪ್ರಿಸಂಗೆ ತಗುಲಿ, ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ. ಸಾಮಾನ್ಯ ಟೋಟಲ್ ಸ್ಟೇಷನ್ನಿಗೆ ಕಣ್ಣಿಟ್ಟು ಗುರಿ ಹಿಡಿಯಲು ಒಬ್ಬ ಮನುಷ್ಯನು ಯಂತ್ರದ ಬಳಿಯೇ ಇರಬೇಕು.

ಸ್ವೀಡನ್ ದೇಶದಲ್ಲಿ ತಯಾರಾದ ಜಿಯೋಡಿಮೀಟರ್ ಸಿಸ್ಟಂ 4000 ಎಂಬ ಯಂತ್ರವು 1990 ರಲ್ಲಿ ಈ ಪದ್ಧತಿಯನ್ನು ಬದಲಿಸಿತು. ಇದರೊಳಗಿನ ಮೋಟಾರುಗಳು ದೂರದರ್ಶಕವನ್ನು ಅಡ್ಡಡ್ಡವಾಗಿಯೂ ಮೇಲೆ ಕೆಳಗೂ ತಿರುಗಿಸಬಲ್ಲವು. ಭೂಮಾಪಕನು ಯಂತ್ರವನ್ನು ಬಿಟ್ಟು ಕೋಲಿನ ಬಳಿಗೆ ಬರುತ್ತಾನೆ. ಅವನ ಕೈಯಲ್ಲಿರುವ ಪುಟ್ಟ ನಿಯಂತ್ರಕಕ್ಕೂ ಯಂತ್ರಕ್ಕೂ ರೇಡಿಯೋ ಸಂಪರ್ಕವಿರುತ್ತದೆ. ‘ಹುಡುಕು’, ‘ಅಳೆ’, ‘ಬರೆದುಕೋ’ ಎಂಬ ಆಜ್ಞೆಗಳು ರೇಡಿಯೋ ಮೂಲಕ ಯಂತ್ರಕ್ಕೆ ಹೋಗುವುವು. ಅಳತೆಯ ಅಂಕಿಗಳು ಅದೇ ಮಾರ್ಗವಾಗಿ ಅವನ ಕೈಗೆ ಬರುವುವು. ಇಬ್ಬರು ಮೂವರು ಮಾಡುತ್ತಿದ್ದ ಕೆಲಸವನ್ನು ಹೀಗೆ ಒಬ್ಬನೇ ಮಾಡಬಹುದು. ಇದಕ್ಕಿಂತ ಮುಖ್ಯವಾದ ಲಾಭವೊಂದುಂಟು. ಬಾಂದು ಕಲ್ಲು ಇರುವ ಜಾಗದಲ್ಲಿಯೇ ಅನುಭವಸ್ಥನಾದ ಭೂಮಾಪಕನು ನಿಂತಿರುವುದರಿಂದ ಕಲ್ಲು ನೆಟ್ಟಗಿದೆಯೋ, ಅಲುಗಿದೆಯೋ, ಯಾರಾದರೂ ಕಿತ್ತು ನೆಟ್ಟಿರುವರೋ ಎಂಬುದನ್ನು ಕಣ್ಣಾರೆ ಪರೀಕ್ಷಿಸಬಹುದು.

ಇಲ್ಲಿ ಒಂದು ಸಂಗತಿಯನ್ನು ವಾಚಕರು ಸ್ಪಷ್ಟವಾಗಿ ಗ್ರಹಿಸಬೇಕು. ಈ ಯಂತ್ರದಲ್ಲಿ ರೇಡಿಯೋ ತರಂಗವು ಅಳೆಯುವುದಿಲ್ಲ. ಅದು ಸಂದೇಶವನ್ನು ಒಯ್ಯುವ ದೂತ ಮಾತ್ರ. ಅಳೆಯುವುದು ಬೆಳಕಿನ ಕಿರಣವೇ. ಆದುದರಿಂದ ರೇಡಿಯೋ ಸಂಪರ್ಕವು ಕಡಿದುಹೋದರೆ ಕೆಲಸವು ನಿಲ್ಲುವುದೇ ಹೊರತು ಅಳತೆಯು ತಪ್ಪಾಗುವುದಿಲ್ಲ.

ರೇಡಿಯೋ ಸಂದೇಶದಿಂದ ಗುರಿಯನ್ನು ಹುಡುಕುವ ಕ್ರಮ

ಯಂತ್ರದ ದೂರದರ್ಶಕಕ್ಕೆ ಒಮ್ಮೆಗೆ ಕಾಣುವ ಪ್ರದೇಶವು ಅತ್ಯಲ್ಪ. ಸಾಮಾನ್ಯವಾಗಿ ಅದು ಒಂದೂವರೆ ಡಿಗ್ರಿಯಷ್ಟು. ಎಂದರೆ 100 ಮೀಟರು ದೂರದಲ್ಲಿ ಸುಮಾರು 2.6 ಮೀಟರು ಅಗಲ ಮಾತ್ರ. ಸುತ್ತಲಿನ 360 ಡಿಗ್ರಿಗಳಲ್ಲಿ ಕೋಲು ಎಲ್ಲಿದೆಯೆಂದು ತಿಳಿಯದ ಯಂತ್ರವು, ಕತ್ತಲೆಯ ಕಣಜದಲ್ಲಿ ಬಿದ್ದ ಸೂಜಿಯನ್ನು ಹುಡುಕುವವನಂತೆ, ಎಲ್ಲಾ ಕಡೆಯೂ ಅರಸಬೇಕಾಗುತ್ತದೆ. ಗಿಡದ ಮರೆಯಲ್ಲಿ ಹಾದು ಬರುವಾಗ ಗುರಿಯ ಹಿಡಿತವು ಪದೇ ಪದೇ ತಪ್ಪುವುದರಿಂದ ಈ ಹುಡುಕಾಟದಲ್ಲಿಯೇ ಕಾಲವು ವ್ಯರ್ಥವಾಗುತ್ತದೆ.

ಇದಕ್ಕೆ ಕಂಡುಹಿಡಿದ ಉಪಾಯವು ಹೀಗಿದೆ. ಕೋಲಿನ ಬಳಿಯಿರುವ ನಿಯಂತ್ರಕದಲ್ಲಿ ಉಪಗ್ರಹಗಳ ರೇಡಿಯೋ ಸಂಕೇತಗಳನ್ನು ಗ್ರಹಿಸುವ ಒಂದು ಸಣ್ಣ ಗ್ರಾಹಕವನ್ನು ಅಳವಡಿಸಿರುತ್ತಾರೆ. ಅದು ಕೋಲು ಇರುವ ಸ್ಥಾನವನ್ನು ಸ್ಥೂಲವಾಗಿ ಗೊತ್ತುಮಾಡುತ್ತದೆ. ಆ ಸ್ಥಾನವು ರೇಡಿಯೋ ಮೂಲಕ ಯಂತ್ರಕ್ಕೆ ತಲಪುತ್ತದೆ. ಯಂತ್ರಕ್ಕೆ ತಾನು ನಿಂತಿರುವ ಸ್ಥಾನವೂ ದಿಕ್ಕೂ ಮೊದಲೇ ತಿಳಿದಿರುವುದರಿಂದ, ಕೋಲು ಯಾವ ದಿಕ್ಕಿನಲ್ಲಿರಬೇಕೆಂದು ಲೆಕ್ಕಹಾಕಿ ಆ ಕಡೆಗೆ ತಿರುಗುತ್ತದೆ. ಸಣ್ಣ ಗ್ರಾಹಕದಲ್ಲಿ 5 ಮೀಟರಿನಷ್ಟು ತಪ್ಪಿದ್ದರೂ 100 ಮೀಟರು ದೂರದಲ್ಲಿ ಅದು ಸುಮಾರು 3 ಡಿಗ್ರಿಯಷ್ಟೇ ಆಗುವುದು. ಆದಕಾರಣ 360 ಡಿಗ್ರಿಗಳನ್ನು ಹುಡುಕುವ ಬದಲು ಆರೇಳು ಡಿಗ್ರಿಗಳ ಸಣ್ಣ ಕಿಟಕಿಯಲ್ಲಿ ಹುಡುಕಿದರೆ ಸಾಕು. ಆ ಕಿಟಕಿಯೊಳಗೆ ಯಂತ್ರವು ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಬೀರಿ, ಪ್ರಿಸಂನಿಂದ ಹಿಂದಿರುಗಿದ ಹೊಳಪನ್ನು ಹಿಡಿದು, ಅದರ ನಡುಮಧ್ಯಕ್ಕೆ ದೂರದರ್ಶಕವನ್ನು ನಿಲ್ಲಿಸುತ್ತದೆ. ಸ್ಥೂಲವಾದ ದಾರಿಯನ್ನು ರೇಡಿಯೋ ತೋರಿಸುವುದು. ಸೂಕ್ಷ್ಮವಾದ ಅಳತೆಯನ್ನು ಬೆಳಕು ಮಾಡುವುದು. ಕೆಲಸದ ಹಂಚಿಕೆಯು ಇಷ್ಟೇ.

ಕಾಗದದ ಮೇಲಿನ ಬಿಂದುವನ್ನು ನೆಲದ ಮೇಲೆ ಗುರುತಿಸುವಾಗ ಇದರ ಉಪಯೋಗವು ಇನ್ನೂ ಹೆಚ್ಚು. ಕಳೆದುಹೋದ ಬಾಂದು ಕಲ್ಲಿನ ಸ್ಥಾನವು ನಕ್ಷೆಯಿಂದ ಗೊತ್ತಿದ್ದರೆ, ಕೋಲು ಹಿಡಿದವನಿಗೆ ‘ಮುಂದಕ್ಕೆ 40 ಸೆಂಟಿಮೀಟರು, ಎಡಕ್ಕೆ 12 ಸೆಂಟಿಮೀಟರು’ ಎಂದು ನಿಯಂತ್ರಕವು ತೋರಿಸುತ್ತ ಹೋಗುವುದು. ಅಂತರವು ಶೂನ್ಯವಾದಲ್ಲಿ ಗೂಟವನ್ನು ಹೊಡೆಯಬಹುದು. ಸಮಪಾತಳಿ ಬದುಗಳನ್ನು ಹಾಕುವಾಗ, ಕಾಲುವೆಯ ಜಾಡನ್ನು ಗುರುತಿಸುವಾಗ, ಗದ್ದೆಯನ್ನು ಮಟ್ಟಮಾಡುವಾಗ ಇದೇ ಕ್ರಮವು ಬೇಸಾಯಕ್ಕೂ ನೇರವಾಗಿ ಒದಗುತ್ತದೆ.

ಉಪಗ್ರಹಗಳ ಸಂಕೇತ

ಬಯಲು ಪ್ರದೇಶದಲ್ಲಿ ಯಂತ್ರದ ಸಹಾಯವೂ ಇಲ್ಲದೆ ಉಪಗ್ರಹಗಳ ಸಂಕೇತದಿಂದಲೇ ಸ್ಥಾನವನ್ನು ತಿಳಿಯಬಹುದು. ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತವೆ. ಅವುಗಳ ಸಂಕೇತವು ಸೆಕೆಂಡಿನ ಹದಿನೈದರಲ್ಲೊಂದು ಭಾಗದಷ್ಟು ಕಾಲದಲ್ಲಿ ನಮ್ಮನ್ನು ಮುಟ್ಟುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತಗಳು ದೊರೆತರೆ ಗ್ರಾಹಕದ ಸ್ಥಾನವೂ ಅದರ ಗಡಿಯಾರದ ತಪ್ಪೂ ಗೊತ್ತಾಗುವುವು. ಭಾರತದ ಬಾಹ್ಯಾಕಾಶ ಸಂಸ್ಥೆಯು ನಿರ್ಮಿಸಿದ ಇದೇ ಬಗೆಯ ವ್ಯವಸ್ಥೆಗೆ 2016 ರಲ್ಲಿ ನಾವಿಕ್ ಎಂದು ಹೆಸರಿಡಲಾಯಿತು; ಅದರ ಮೊದಲನೆಯ ಉಪಗ್ರಹವು 2013 ರಲ್ಲಿ ಹಾರಿತು.

ಒಂಟಿ ಗ್ರಾಹಕದ ಸ್ಥಾನದಲ್ಲಿ ಕೆಲವು ಮೀಟರುಗಳ ತಪ್ಪು ಇರುವುದರಿಂದ ಅದು ಜಮೀನಿನ ಅಳತೆಗೆ ಸಾಲದು. ಇದನ್ನು ನಿವಾರಿಸಲು, ಸ್ಥಾನವು ನಿಷ್ಕೃಷ್ಟವಾಗಿ ಗೊತ್ತಿರುವ ಒಂದು ಕಡೆ ಇನ್ನೊಂದು ಗ್ರಾಹಕವನ್ನು ಸ್ಥಿರವಾಗಿ ನಿಲ್ಲಿಸುತ್ತಾರೆ. ಉಪಗ್ರಹದ ಸಂಕೇತದಲ್ಲಿರುವ ದೋಷವನ್ನು ಆ ಸ್ಥಿರ ಗ್ರಾಹಕವು ಕಂಡುಕೊಂಡು, ತಿದ್ದುಪಡಿಯನ್ನು ರೇಡಿಯೋ ಮೂಲಕವೋ ಮೊಬೈಲ್ ದೂರವಾಣಿಯ ಜಾಲದ ಮೂಲಕವೋ ಸಂಚಾರಿ ಗ್ರಾಹಕಕ್ಕೆ ಕಳುಹಿಸುತ್ತದೆ. ಆಗ ತಪ್ಪು ಒಂದೆರಡು ಸೆಂಟಿಮೀಟರಿಗೆ ಇಳಿಯುತ್ತದೆ. ಹಗಲಿರುಳೂ ಕೆಲಸಮಾಡುವ ಇಂಥ ಸ್ಥಿರ ನಿಲ್ದಾಣಗಳ ಜಾಲವನ್ನು ಭಾರತೀಯ ಸರ್ವೇಕ್ಷಣ ಇಲಾಖೆಯು ಸ್ಥಾಪಿಸಿದೆ. 2020 ರ ಏಪ್ರಿಲ್ 24 ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಗ್ರಾಮ ಠಾಣಾ ಪ್ರದೇಶದ ಆಸ್ತಿಗಳನ್ನು ಡ್ರೋನ್ ಎಂಬ ಹಾರುವ ಯಂತ್ರದಿಂದ ಚಿತ್ರಿಸಿ ನಕ್ಷೆ ತಯಾರಿಸಲು ಈ ಜಾಲವು ನೆರವಾಯಿತು. ಮೊದಲು ಪ್ರಾರಂಭಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಹಾಗಾದರೆ ಟೋಟಲ್ ಸ್ಟೇಷನ್ ಏತಕ್ಕೆ ಬೇಕೆಂದು ಕೇಳಬಹುದು. ಉಪಗ್ರಹದ ಸಂಕೇತವು ಬಲು ಕ್ಷೀಣವಾದುದು. ಮಲೆನಾಡಿನ ಅಡಿಕೆ ತೋಟದ ದಟ್ಟವಾದ ಸೋಗೆಯ ಕೆಳಗೆ, ದೊಡ್ಡ ಮಾವಿನ ಮರದ ನೆರಳಿನಲ್ಲಿ, ಎತ್ತರದ ಗೋಡೆಯ ಪಕ್ಕದಲ್ಲಿ ಅದು ತಡೆಯಲ್ಪಡುತ್ತದೆ. ಇಲ್ಲವೇ ಗೋಡೆಗೆ ತಗುಲಿ ಬಳಸುದಾರಿಯಲ್ಲಿ ಬಂದು ಸುಳ್ಳು ಸ್ಥಾನವನ್ನು ಕೊಡುತ್ತದೆ. ಅಂಥ ಕಡೆ ತೋಟದ ಹೊರಗಿನ ಬಯಲಿನಲ್ಲಿ ಎರಡು ಮೂರು ಬಿಂದುಗಳನ್ನು ಉಪಗ್ರಹದಿಂದ ಸ್ಥಿರಪಡಿಸಿಕೊಂಡು, ಅಲ್ಲಿಂದ ಒಳಕ್ಕೆ ಟೋಟಲ್ ಸ್ಟೇಷನ್ನಿನಿಂದ ಅಳೆಯುವುದೇ ಯೋಗ್ಯವಾದ ಕ್ರಮ. ಎರಡು ವಿಧಾನಗಳೂ ಒಂದಕ್ಕೊಂದು ಪೂರಕವೇ ಹೊರತು ಪ್ರತಿಸ್ಪರ್ಧಿಗಳಲ್ಲ.

ತಪ್ಪು ನುಸುಳುವ ದಾರಿಗಳು

ಯಂತ್ರವು ಎಷ್ಟು ಉತ್ತಮವಾದುದಾದರೂ ಅದನ್ನು ಉಪಯೋಗಿಸುವಲ್ಲಿ ಎಚ್ಚರವಿರದಿದ್ದರೆ ಫಲವು ಕೆಡುವುದು. ಮುಖ್ಯವಾದ ದೋಷಗಳನ್ನು ಕೆಳಗೆ ವಿವರಿಸಿದೆ.

1. ಕೋಲು ಓರೆಯಾಗಿರುವುದು. ಎರಡು ಮೀಟರು ಎತ್ತರದ ಕೋಲು ಒಂದೇ ಡಿಗ್ರಿ ಓರೆಯಾದರೂ ತುದಿಯಲ್ಲಿ ಮೂರೂವರೆ ಸೆಂಟಿಮೀಟರು ತಪ್ಪು ಬರುವುದು. ಕೋಲಿನಲ್ಲಿರುವ ರಸಮಟ್ಟದ ಗುಳ್ಳೆಯು ನಡುವೆ ನಿಂತ ಮೇಲೆಯೇ ಅಳೆಯತಕ್ಕದ್ದು.

2. ಬೇರೆ ಹೊಳಪನ್ನು ಗುರಿಯೆಂದು ಹಿಡಿಯುವುದು. ರಸ್ತೆಯ ಫಲಕ, ವಾಹನದ ದೀಪದ ಗಾಜು, ಕೆಲಸಗಾರರ ಹೊಳೆಯುವ ಅಂಗಿ ಇವೂ ಕಿರಣವನ್ನು ಹಿಂದಿರುಗಿಸುತ್ತವೆ. ಹತ್ತಿರದಲ್ಲಿ ಇನ್ನೊಂದು ತಂಡದ ಪ್ರಿಸಂ ಇದ್ದರೆ ಯಂತ್ರವು ಅದನ್ನೂ ಹಿಡಿಯಬಹುದು. ಬಂದ ದೂರವು ಅಂದಾಜಿಗೆ ಹೊಂದುವುದೋ ಎಂದು ಪ್ರತಿ ಸಲವೂ ನೋಡಬೇಕು.

3. ಪ್ರಿಸಂನ ಸ್ಥಿರಾಂಕವನ್ನು ತಪ್ಪಾಗಿ ಕೊಡುವುದು. ಒಂದು ಬಗೆಯ ಪ್ರಿಸಂ ಇಟ್ಟು ಇನ್ನೊಂದರ ಅಂಕಿಯನ್ನು ಕೊಟ್ಟರೆ ಪ್ರತಿಯೊಂದು ದೂರದಲ್ಲಿಯೂ ಮೂರು ಸೆಂಟಿಮೀಟರಿನಷ್ಟು ತಪ್ಪು ಸೇರಿಹೋಗುವುದುಂಟು.

4. ಆಧಾರಬಿಂದುವಿನ ತಪ್ಪು. ಇದು ಎಲ್ಲಕ್ಕಿಂತಲೂ ಅಪಾಯಕರ. ಸ್ಥಿರ ಗ್ರಾಹಕದ ಸ್ಥಾನವನ್ನೋ ಯಂತ್ರ ನಿಂತ ಬಿಂದುವನ್ನೋ ತಪ್ಪಾಗಿ ನಮೂದಿಸಿದರೆ ಎಲ್ಲಾ ಬಿಂದುಗಳೂ ಒಟ್ಟಾಗಿ ಸರಿಯುವುವು. ಜಮೀನಿನ ಆಕಾರವೂ ವಿಸ್ತೀರ್ಣವೂ ಸರಿಯಾಗಿಯೇ ಇರುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆದರೆ ಮೇರೆಯು ಪಕ್ಕದವನ ಹೊಲದೊಳಕ್ಕೆ ಹೋಗಿರುತ್ತದೆ. ಇದನ್ನು ತಡೆಯಲು, ಮೊದಲೇ ಗೊತ್ತಿರುವ ಇನ್ನೊಂದು ಭದ್ರವಾದ ಗುರುತನ್ನು ಕೆಲಸದ ಮೊದಲೂ ಕೊನೆಯೂ ಅಳೆದು ತಾಳೆ ನೋಡತಕ್ಕದ್ದು.

ರೈತರು ಗಮನಿಸತಕ್ಕ ವಿಷಯಗಳು

ಯಂತ್ರವು ಹೇಳುವುದು ಒಂದು ಬಿಂದು ಎಲ್ಲಿದೆಯೆಂಬುದನ್ನು ಮಾತ್ರ. ಆ ಬಿಂದುವು ಯಾರ ಮೇರೆಯೆಂಬುದನ್ನು ಹೇಳಲಾರದು. ಅದನ್ನು ನಿರ್ಣಯಿಸುವುದು ಮೂಲ ಟಿಪ್ಪಣಿ, ಆಕಾರಬಂದ್, ಪೋಡಿ ನಕ್ಷೆ ಮೊದಲಾದ ದಾಖಲೆಗಳು ಮತ್ತು ನೆಲದ ಮೇಲೆ ಉಳಿದಿರುವ ಬಾಂದು ಕಲ್ಲುಗಳು. ಹಿಂದಿನ ಸರಪಳಿಯ ಅಳತೆಗೂ ಇಂದಿನ ಯಂತ್ರದ ಅಳತೆಗೂ ಕೊಂಚ ವ್ಯತ್ಯಾಸ ಕಂಡಮಾತ್ರಕ್ಕೆ ನೆರೆಯವನು ಒತ್ತುವರಿ ಮಾಡಿದನೆಂದು ತೀರ್ಮಾನಿಸುವುದು ನ್ಯಾಯವಲ್ಲ. ಸರಪಳಿಯು ಎಳೆತದಿಂದ ಉದ್ದವಾಗುವುದೂ, ಇಳಿಜಾರಿನಲ್ಲಿ ಜೋತುಬೀಳುವುದೂ ಸಹಜ. ಹಳೆಯ ಕಲ್ಲುಗಳು ಸ್ವಸ್ಥಾನದಲ್ಲಿದ್ದರೆ ಹೊಸ ಅಳತೆಯನ್ನು ಅವುಗಳಿಗೆ ಹೊಂದಿಸಿ ನೋಡಬೇಕೇ ಹೊರತು ಕಲ್ಲುಗಳನ್ನು ಅಳತೆಗೆ ತಕ್ಕಂತೆ ಕೀಳಬಾರದು.

ಆದಕಾರಣ ಹದ್ದುಬಸ್ತಿಗಾಗಲಿ ಪೋಡಿಗಾಗಲಿ ಅಳತೆಯ ನೋಟೀಸು ಬಂದಾಗ ಹಿಡುವಳಿದಾರರೂ ಅಕ್ಕಪಕ್ಕದವರೂ ತಪ್ಪದೆ ಹಾಜರಿರಬೇಕು. ಮುನ್ನಾದಿನವೇ ಬಾಂದು ಕಲ್ಲುಗಳ ಸುತ್ತಲಿನ ಮುಳ್ಳುಪೊದೆಯನ್ನು ಸವರಿ, ಕಲ್ಲು ಕಾಣುವಂತೆ ಮಾಡಿಟ್ಟರೆ ಕೆಲಸವು ಬೇಗ ಮುಗಿಯುವುದು. ಮೇರೆಯ ಮೇಲಿನ ಎತ್ತರದ ಬೆಳೆಯು ಕಟಾವಾದ ಮೇಲೆ ಅಳತೆಗೆ ಅರ್ಜಿಕೊಡುವುದು ಇನ್ನೂ ಉತ್ತಮ. ಭೂಮಾಪಕರು ಯಾವ ಬಿಂದುವನ್ನು ಆಧಾರವಾಗಿ ಇಟ್ಟುಕೊಂಡರು, ಅದನ್ನು ಮತ್ತೊಂದು ಗುರುತಿನಿಂದ ಪರೀಕ್ಷಿಸಿದರೋ ಇಲ್ಲವೋ ಎಂದು ಕೇಳುವ ಅಧಿಕಾರವು ರೈತನಿಗೆ ಉಂಟು. ವಿನಯದಿಂದ ಕೇಳಿದರೆ ಯಾರೂ ಬೇಸರಪಡುವುದಿಲ್ಲ. ನಕ್ಷೆಯನ್ನು ಓದಿಸಿ ಕೇಳಿ, ನೆಲದ ಮೇಲೆ ಗೂಟಗಳನ್ನು ನೋಡಿಕೊಂಡ ಮೇಲೆಯೇ ರುಜು ಹಾಕತಕ್ಕದ್ದು. ನಕ್ಷೆಯ ಪ್ರತಿಯನ್ನು ಪಡೆದು ಜೋಪಾನವಾಗಿಡುವುದು ಮಕ್ಕಳ ಕಾಲಕ್ಕೂ ಉಪಕಾರ.

ಗುರುತಿಸಿದ ಬಿಂದುವಿನಲ್ಲಿ ಕೂಡಲೇ ಕಲ್ಲು ನೆಡಬೇಕು. ಮರದ ಗೂಟವು ಒಂದು ಮಳೆಗಾಲಕ್ಕೆ ಗೆದ್ದಲಿನ ಪಾಲಾಗುವುದು. ಆಗ ಇಷ್ಟೆಲ್ಲಾ ಸೂಕ್ಷ್ಮವಾದ ಅಳತೆಯೂ ನೀರಿನಲ್ಲಿ ಬರೆದ ಅಕ್ಷರದಂತಾಗುತ್ತದೆ. ಉಳುವಾಗ ನೇಗಿಲಾಗಲಿ ಟ್ರಾಕ್ಟರಾಗಲಿ ಕಲ್ಲಿಗೆ ತಗುಲದಂತೆ ನೋಡಿಕೊಳ್ಳುವುದು ಇಬ್ಬರು ಹೊಲದವರ ಹೊಣೆ. ಮೋಜಣಿ ಗುರುತುಗಳನ್ನು ಕೀಳುವುದೂ ಕೆಡಿಸುವುದೂ 1964 ರ ಕರ್ನಾಟಕ ಭೂಕಂದಾಯ ಕಾಯಿದೆಯಂತೆ ದಂಡನೀಯವಾದ ಅಪರಾಧವೆಂಬುದನ್ನು ಎಲ್ಲರೂ ನೆನಪಿಡಬೇಕು.

ಸರಪಳಿಯಿಂದ ಉಪಗ್ರಹದವರೆಗೆ ಸಾಧನಗಳು ಬದಲಾಗಿವೆ. ಬದಲಾಗದೆ ಉಳಿದಿರುವುದು ಮೇರೆಯ ಕಲ್ಲು ಮತ್ತು ಅದನ್ನು ಗೌರವಿಸುವ ನೆರೆಹೊರೆಯವರ ಸದ್ಬುದ್ಧಿ. ರೈತಬಾಂಧವರು ಹೊಸ ಯಂತ್ರಗಳನ್ನು ಕಂಡು ಹೆದರದೆಯೂ, ಅವುಗಳನ್ನು ಕುರುಡಾಗಿ ನಂಬದೆಯೂ, ಅವುಗಳ ರೀತಿಯನ್ನು ತಿಳಿದು ತಮ್ಮ ನೆಲದ ಅಳತೆಯನ್ನು ತಾವೇ ನಿಂತು ನೋಡಿಕೊಂಡರೆ, ಎಷ್ಟೋ ವ್ಯಾಜ್ಯಗಳು ಕಚೇರಿಯ ಮೆಟ್ಟಿಲು ಹತ್ತದೆ ಬದುವಿನ ಮೇಲೆಯೇ ತೀರುವುವು. ವ್ಯಾಜ್ಯಕ್ಕೆ ಹೋಗುವ ಹಣವು ಹೊಲಕ್ಕೆ ಗೊಬ್ಬರವಾಗುವುದು.